ಮೊಬೈಲಿನೊಳಗಿನ ಕಿತಾಬು



ಎರಡು ತಿಂಗಳ ಹಿಂದೆ ಮಾಯಸಂದ್ರದ ನಮ್ಮ ಮಸೀದಿಯ ಜುಮಾ ಬಯಾನಿನಲ್ಲಿ ನಾವು ಮೊಬೈಲಿನ ಕೆಡುಕಿನ ಬಗ್ಗೆ ಮಾತಾಡಿದ್ದೆವು. ಮಗ್ರಿಬ್ ಆದ ಮೇಲೆ ಮಕ್ಕಳ ಕೈಯಿಂದ ಅದನ್ನು ತೆಗೆದುಕೊಳ್ಳಿ, ಹೆಣ್ಣುಮಕ್ಕಳಿಗಂತೂ ಕೊಡಲೇಬೇಡಿ ಎಂದೂ ಅಂದಿದ್ದೆವು. ಮಾತು ಜೋರಾಗಿತ್ತು. ಕೇಳಿದವರು ತಲೆದೂಗಿದರು.

ಹತ್ತು ದಿನ ಕಳೆದ ಮೇಲೆ ಜಮಾಅತಿನ ಒಬ್ಬ ತಾಯಿ ನಮ್ಮ ಮನೆಯವರ ಹತ್ತಿರ ಬಂದು ಅತ್ತರಂತೆ. ಅವರ ಯಜಮಾನರು ಕಾಯಿ ಸುಲಿಯುವ ಕೆಲಸದವರು. ಮಗಳು ಎಸ್ಸೆಸ್ಸೆಲ್ಸಿ. ಮಳೆಗೆ ಮನೆ ಸೋರಿ ಅವಳ ವಿಜ್ಞಾನದ ಪುಸ್ತಕ ನೆನೆದು, ಹಾಳೆಗಳು ಒಂದಕ್ಕೊಂದು ಅಂಟಿಹೋಗಿದ್ದವು. ಮೇಷ್ಟರು ಅದೇ ಪುಸ್ತಕವನ್ನು ತಂದೆಯ ಮೊಬೈಲಿಗೆ ಹಾಕಿಕೊಟ್ಟಿದ್ದರು. ಅಬ್ಬಾ ಕೆಲಸ ಮುಗಿಸಿ ಬಂದ ಮೇಲೆ ರಾತ್ರಿ ಒಂದೆರಡು ಗಂಟೆ ಹುಡುಗಿ ಅದರಲ್ಲಿ ಓದಿಕೊಳ್ಳುತ್ತಿದ್ದಳು. ನಮ್ಮ ಬಯಾನ್ ಕೇಳಿದ ರಾತ್ರಿಯೇ ಅದು ನಿಂತಿತು. ನಾವು ಹೋಗಿ ವಿಚಾರಿಸಿದರೆ, "ಹಝ್ರತ್, ನೀವೇ ತಾನೇ ಹೇಳಿದ್ದು?" ಎಂದರು ಅವರು. ಏನು ಉತ್ತರ ಕೊಡುವುದು? ಅದೇ ಮನೆಯ ಮೂಲೆಯಲ್ಲಿ ಓದು ಬಿಟ್ಟ ಅಣ್ಣ ತನ್ನ ಮೊಬೈಲಿನಲ್ಲಿ ರೀಲ್ಸ್ ನೋಡುತ್ತ ಕೂತಿದ್ದ. ಅವನದನ್ನು ಯಾರೂ ಕಿತ್ತುಕೊಂಡಿರಲಿಲ್ಲ.

ಅಂದು ಬಿಡಿಸಿ ಹೇಳಬೇಕಿದ್ದುದನ್ನು ಈಗ ಹೇಳುತ್ತೇವೆ. ರೀಲ್ಸ್ ಎಂಬುದು ಬೆರಳಾಡಿಸಿದಷ್ಟೂ ಬರುತ್ತಲೇ ಇರುತ್ತದೆ. ಅದಕ್ಕೆ ಡೇಟಾ ಬೇಕು. ಇ-ಪುಸ್ತಕವನ್ನು ಒಮ್ಮೆ ಇಳಿಸಿಟ್ಟುಕೊಂಡರೆ ಆಮೇಲೆ ಡೇಟಾ ಬೇಡ, ಸಿಮ್ ಸಹ ಬೇಡ. ಅದಕ್ಕೆ ಮೊದಲ ಪುಟವಿದೆ, ಕೊನೆಯ ಪುಟವಿದೆ. ಆದ್ದರಿಂದ ತಂದೆತಾಯಿ ಮಾಡಬೇಕಾದ್ದು ಇಷ್ಟು: ಪುಸ್ತಕ ಇಳಿಸಿಕೊಡಿ, ಡೇಟಾ ಆಫ್ ಮಾಡಿ, ನಡುಮನೆಯಲ್ಲಿ ಎಲ್ಲರ ಎದುರು ಕೂತು ಓದಲು ಹೇಳಿ.

ಪುಸ್ತಕ ಎಲ್ಲಿ ಸಿಗುತ್ತದೆ? ಕರ್ನಾಟಕ ಪಠ್ಯಪುಸ್ತಕ ಸಂಘದ ಜಾಲತಾಣದಲ್ಲಿ ಶಾಲಾ ಪುಸ್ತಕಗಳು ಕನ್ನಡದಲ್ಲೂ ಉರ್ದುವಿನಲ್ಲೂ ಉಚಿತವಾಗಿವೆ. 2017ರಲ್ಲಿ ಶುರುವಾದ ದೀಕ್ಷಾ ಆ್ಯಪ್ ಇದೆ. ಪುಸ್ತಕದಲ್ಲಿ ಅಚ್ಚಾದ ಕ್ಯೂಆರ್ ಚೌಕವನ್ನು ಅದರಿಂದ ಸ್ಕ್ಯಾನ್ ಮಾಡಿದರೆ ಪಾಠದ ವಿಡಿಯೋ ತೆರೆದುಕೊಳ್ಳುತ್ತದೆ. ಚಿಕ್ಕ ಮಕ್ಕಳಿಗೆ ಬೆಂಗಳೂರಿನ ಪ್ರಥಮ್ ಬುಕ್ಸ್‌ನವರು 2015ರಲ್ಲಿ ಆರಂಭಿಸಿದ ಸ್ಟೋರಿವೀವರ್‌ನಲ್ಲಿ ಕನ್ನಡದ ಚಿತ್ರಕಥೆಗಳಿವೆ. ಮನೆಯಲ್ಲಿ ಮೊಬೈಲೇ ಇಲ್ಲದವರು ಗ್ರಾಮ ಪಂಚಾಯಿತಿ ಗ್ರಂಥಾಲಯದಲ್ಲಿ ಕೇಳಿ ನೋಡಿ. ಈಗ ಅದಕ್ಕೆ ಅರಿವು ಕೇಂದ್ರ ಎಂದು ಹೆಸರು, ಅನೇಕ ಕಡೆ ಕಂಪ್ಯೂಟರ್ ಇಟ್ಟಿದ್ದಾರೆ.

ಕಿತಾಬು ಅಂದರೆ ಕಾಗದದ್ದೇ ಆಗಬೇಕು ಎನ್ನುವ ಹಿರಿಯರಿಗೆ ಒಂದು ಮಾತು. ಯಮಾಮಾ ಯುದ್ಧದಲ್ಲಿ ಅನೇಕ ಹಾಫಿಝರು ಶಹೀದರಾದಾಗ, ಹಝ್ರತ್ ಅಬೂಬಕರ್(ರ) ಕುರ್‌ಆನನ್ನು ಒಂದೆಡೆ ಸೇರಿಸುವ ಕೆಲಸವನ್ನು ಝೈದ್ ಬಿನ್ ಸಾಬಿತ್(ರ) ಅವರಿಗೆ ವಹಿಸಿದರು. ಅವರು ಅದನ್ನು ಕಲೆಹಾಕಿದ್ದು ಖರ್ಜೂರದ ಮಟ್ಟೆ, ಚಪ್ಪಟೆ ಕಲ್ಲು ಮತ್ತು ಬಾಯಿಪಾಠ ಮಾಡಿದವರ ಎದೆಗಳಿಂದ. ನಮ್ಮ ತೋಟಗಳಲ್ಲಿ ಒಲೆಗೆ ಹೋಗುವ ತೆಂಗಿನ ಮಟ್ಟೆಯಂಥದ್ದರ ಮೇಲೆ ಅಲ್ಲಾಹನ ಕಲಾಮ್ ಇತ್ತು! ಆ ಹಾಳೆಗಳು ಅಬೂಬಕರ್(ರ) ನಂತರ ಉಮರ್(ರ) ಬಳಿ, ಅವರ ನಂತರ ಅವರ ಮಗಳು, ಪ್ರವಾದಿ(ಸ)ರ ಪತ್ನಿ ಹಫ್ಸಾ(ರ) ಬಳಿ ಇದ್ದವು. ಉಸ್ಮಾನ್(ರ) ಪ್ರತಿಗಳನ್ನು ಮಾಡಿಸುವಾಗ ಆ ಹಾಳೆಗಳನ್ನು ತರಿಸಿಕೊಂಡದ್ದು ಹಫ್ಸಾರಿಂದಲೇ. ಹಫ್ಸಾ(ರ) ಅವರಿಗೆ ಬರಹ ಕಲಿಸಿದವರು ಶಿಫಾ ಬಿಂತ್ ಅಬ್ದುಲ್ಲಾಹ್(ರ) ಎಂಬ ಮಹಿಳೆ. ಮದ್ರಸಾದಲ್ಲಿ ಇದನ್ನು ನಾವೇ ಎಷ್ಟು ಸಲ ಪಾಠ ಮಾಡಿದ್ದೇವೋ! ಮಿಂಬರಿನ ಬಳಿ ನಿಂತಾಗ ಮಾತ್ರ ನೆನಪಾಗಲಿಲ್ಲ.

ಮೊಬೈಲಿನಲ್ಲಿ ಕುರ್‌ಆನ್ ಓದಲು ವುಝೂ ಬೇಕೇ ಎಂದು ಬಹಳ ಮಂದಿ ಕೇಳುತ್ತಾರೆ. ಮುಟ್ಟದೆ ನೋಡಿ ಓದಲು ವುಝೂ ಕಡ್ಡಾಯವಿಲ್ಲ. ಪರದೆಯ ಮೇಲೆ ಆಯತುಗಳು ತೆರೆದಿರುವಾಗ ಅಕ್ಷರಗಳನ್ನು ಮುಟ್ಟುವ ವಿಷಯದಲ್ಲಿ ಉಲಮಾಗಳಲ್ಲಿ ಎರಡು ಅಭಿಪ್ರಾಯಗಳಿವೆ. ವುಝೂ ಮಾಡಿಕೊಂಡೇ ಮುಟ್ಟುವುದು ಅದಬ್. ಆ್ಯಪ್ ಮುಚ್ಚಿದ್ದರೆ ಅದನ್ನು ಜೇಬಿನಲ್ಲಿಟ್ಟುಕೊಂಡು ಶೌಚಾಲಯಕ್ಕೆ ಹೋಗಲು ಅಡ್ಡಿಯಿಲ್ಲ.

ಹಾಗಂತ ಕಾಗದವನ್ನು ಬಿಡಬೇಡಿ. ಕಂಪ್ಯೂಟರಿನಲ್ಲಿ ಬಹಳ ಮುಂದಿದ್ದ ಸ್ವೀಡನ್ ದೇಶವೇ 2023ರಲ್ಲಿ ಶಾಲೆಗಳಿಗೆ ಅಚ್ಚಾದ ಪುಸ್ತಕ ಕೊಳ್ಳಲು ಹಣ ಕೊಟ್ಟಿತು. ಅದೇ ವರ್ಷದ ಯುನೆಸ್ಕೋ ವರದಿಯೂ ತರಗತಿಯಲ್ಲಿ ಸ್ಮಾರ್ಟ್‌ಫೋನ್ ಮಕ್ಕಳ ಗಮನ ಕೆಡಿಸುತ್ತದೆ ಎಂದು ಎಚ್ಚರಿಸಿದೆ. ಪುಸ್ತಕವಿದ್ದರೆ ಪುಸ್ತಕವನ್ನೇ ಓದಿಸಿ. ಪರದೆಯಲ್ಲಿ ಓದಿದ್ದನ್ನು ನೋಟ್ಸಿನಲ್ಲಿ ಕೈಯಾರೆ ಬರೆಸಿ. ಇಶಾ ಆದ ಮೇಲೆ ದೀಪ ಆರಿಸಿ ಕತ್ತಲಲ್ಲಿ ಓದುವುದು ಬೇಡ.

ಕಳೆದ ಜುಮಾದಲ್ಲಿ ನಮ್ಮ ಹಿಂದಿನ ಮಾತು ತಪ್ಪಾಗಿತ್ತೆಂದು ಬಯಾನಿನಲ್ಲೇ ಹೇಳಿದೆವು. ಆ ತಂದೆಯ ಬಳಿ ಬೇರೆಯಾಗಿಯೂ ಮಾಫಿ ಕೇಳಿದೆವು. ಹುಡುಗಿ ಈಗ ಮತ್ತೆ ಓದುತ್ತಿದ್ದಾಳೆ, ಆದರೆ ನಲವತ್ತು ದಿನದ ಪಾಠ ಬಾಕಿ ಉಳಿದಿದೆ. ಹಗಲು ಮೊಬೈಲು ತಂದೆಯ ಜೊತೆ ತೋಟಕ್ಕೆ ಹೋಗುವುದರಿಂದ, ಅಣ್ಣನ ಮೊಬೈಲನ್ನು ಅಸರ್‌ನಿಂದ ಮಗ್ರಿಬ್‌ವರೆಗೆ ಅವಳಿಗೆ ಕೊಡಿಸಬೇಕೆಂದು ಮಾತಾಡಿದ್ದೇವೆ. ಅವನು ಇನ್ನೂ ಒಪ್ಪಿಲ್ಲ. ಈ ಶುಕ್ರವಾರ ಮತ್ತೆ ಹೋಗುತ್ತೇವೆ.