ಕೈ ತೊಳೆದಿರಾ ಎಂದು ಕೇಳಲು ಸಂಕೋಚವೇಕೆ?

ಸೇಲಂ ಪೇಟೆಯಲ್ಲಿ ಬೆಳ್ಳಿ ಕಾಲ್ಗೆಜ್ಜೆ ಕೊಳ್ಳಲು ಬಂದ ಗಿರಾಕಿ "ಇನ್ನೊಮ್ಮೆ ತೂಗಿ ತೋರಿಸಿ" ಎಂದರೆ ಪ್ರಾಮಾಣಿಕ ವ್ಯಾಪಾರಿ ಸಿಟ್ಟಾಗುವುದಿಲ್ಲ. ಅದೇ ನಾವು ಆಸ್ಪತ್ರೆಯ ಹಾಸಿಗೆಯಲ್ಲಿದ್ದಾಗ, ಗಾಯದ ಕಟ್ಟು ಬಿಚ್ಚಲು ಬಂದವರನ್ನು "ಕೈ ತೊಳೆದಿರಾ?" ಎಂದು ಕೇಳಲು ನಾಲಿಗೆ ಏಳುವುದಿಲ್ಲ. ಕಲಿತವರು ಬೇಸರಪಟ್ಟು ಉದಾಸೀನ ಮಾಡಿಯಾರೆಂಬ ಭಯ.

ಈ ಸಂಕೋಚದ ಬೆಲೆ ಸಣ್ಣದಲ್ಲ. 1847ರಲ್ಲಿ ವಿಯೆನ್ನಾದ ದೊಡ್ಡಾಸ್ಪತ್ರೆಯಲ್ಲಿ ಶವಪರೀಕ್ಷೆ ಮಾಡಿದ ಕೈಗಳಿಂದಲೇ ಹೆರಿಗೆಗೆ ಬಂದವರನ್ನು ಪರೀಕ್ಷಿಸುತ್ತಿದ್ದರು. ಡಾ. ಸೆಮ್ಮೆಲ್‌ವೈಸ್ ಕ್ಲೋರಿನ್ ಬೆರೆತ ಸುಣ್ಣದ ನೀರಿನಲ್ಲಿ ಕೈ ತೊಳೆಯುವ ನಿಯಮ ತಂದರು. ಏಪ್ರಿಲ್‌ನಲ್ಲಿ ನೂರಕ್ಕೆ 18ರಷ್ಟಿದ್ದ ಬಾಣಂತಿಯರ ಸಾವು ಜೂನ್ ಹೊತ್ತಿಗೆ ಸುಮಾರು 2ಕ್ಕೆ ಇಳಿಯಿತು. ಆದರೂ ಅನೇಕ ವೈದ್ಯರು ಒಪ್ಪಲಿಲ್ಲ. ತಮ್ಮ ಕೈಯೇ ರೋಗ ತರುತ್ತದೆಂಬ ಮಾತು ಅವರಿಗೆ ಕಹಿಯಾಯಿತು.

ಇಂದಿನ ವೈದ್ಯರು, ದಾದಿಯರು ಇದನ್ನು ಅರಿಯದವರಲ್ಲ. ಕೆಲಸದ ಒತ್ತಡದಲ್ಲಿ ಮರೆಯುವುದುಂಟು. ಹಾಗಾದರೆ ರೋಗಿಯೇ ನೆನಪಿಸಲಿ ಎಂದು ಅಮೆರಿಕಾದ ಕೆಲವು ಆಸ್ಪತ್ರೆಗಳಲ್ಲಿ ಪ್ರಯೋಗ ನಡೆಯಿತು. 1999ರಲ್ಲಿ ಪ್ರಕಟವಾದ ಅದರ ವರದಿಯಂತೆ ಅಲ್ಲಿ ಸೋಪಿನ ಬಳಕೆ ನೂರಕ್ಕೆ 34ರಷ್ಟು ಹೆಚ್ಚಿತು. ವಿಶ್ವ ಆರೋಗ್ಯ ಸಂಸ್ಥೆಯೂ 2009ರ ಮಾರ್ಗಸೂಚಿಯಲ್ಲಿ ರೋಗಿಗಳನ್ನು ಈ ಕಾರ್ಯದಲ್ಲಿ ಸೇರಿಸಿಕೊಳ್ಳಲು ಹೇಳಿದೆ.

ನೀರನ್ನು ಸೋಸಿ ಕುಡಿಯುವ ನಮಗೆ ಕಣ್ಣಿಗೆ ಕಾಣದ ಜೀವಿಗಳ ವಿಷಯ ಹೊಸದಲ್ಲ. ದ್ವೇಷವಿಲ್ಲದಿದ್ದರೂ ಪ್ರಮಾದದಿಂದ ಹಿಂಸೆಯಾಗುತ್ತದೆ ಎಂಬುದನ್ನೂ ಬಲ್ಲೆವು. ಮರೆತವರಿಗೆ ವಿನಯದಿಂದ ನೆನಪಿಸಿದರೆ ರೋಗಿಗೂ ರಕ್ಷೆ, ಅವರಿಗೂ ಉಪಕಾರ. ರೋಗಿಯ ಬಳಿ ಕುಳಿತವರಿಗೆ ಇದೂ ಒಂದು ವೈಯಾವೃತ್ಯವೇ.

ಕೇಳುವ ರೀತಿಯೂ ಮುಖ್ಯ. ನಮ್ಮ ಕಡೆ "ಸಿಸ್ಟರ್, ಕೈ ಕಳುವಿಟ್ಟೀಂಗಳಾ?" ಎಂದು ತಮಿಳಿನಲ್ಲಿ ನಗುಮುಖದಿಂದ ಕೇಳಿದರೆ ಸಾಕು. ಇಂಜೆಕ್ಷನ್, ಡ್ರಿಪ್, ಗಾಯದ ಕಟ್ಟು, ಇವುಗಳಿಗೆ ಮುಂಚೆ ಕೇಳಬೇಕು, ಆಮೇಲಲ್ಲ. ಕೈಗವಸು ತೊಟ್ಟ ಮಾತ್ರಕ್ಕೆ ಕೈ ಶುದ್ಧವಾಗದು. ಸೋಪು ನೀರಿನಲ್ಲಾದರೆ ಇಡೀ ಕ್ರಮಕ್ಕೆ 40ರಿಂದ 60 ಸೆಕೆಂಡು, ಮದ್ಯಸಾರದ ದ್ರಾವಣವಾದರೆ 20ರಿಂದ 30 ಸೆಕೆಂಡು ಬೇಕು. ಮದ್ಯಸಾರವೆಂದು ಕೆಲವು ಹಿರಿಯರು ಹಿಂಜರಿಯುತ್ತಾರೆ. ಅಂಥವರು ತಮ್ಮ ಕೈಗೆ ಸೋಪು ನೀರನ್ನೇ ಬಳಸಲಿ. ಕಣ್ಣಿಗೆ ಕಾಣುವ ಕೊಳೆಗಂತೂ ಸೋಪು ನೀರೇ ಆಗಬೇಕು.

ಕೇಳುವ ನಾವೂ ತೊಳೆದಿರಬೇಕಲ್ಲವೇ? ರೋಗಿಯ ಹಣೆಗೆ ಗಂಧೋದಕ ಹಚ್ಚುವ ಮೊದಲು, ಹಸುಗೂಸನ್ನು ಎತ್ತಿಕೊಳ್ಳುವ ಮೊದಲು ನಮ್ಮ ಕೈ ಶುದ್ಧವಿರಲಿ. ನಮ್ಮ ಮನೆಗಳ ವೈದ್ಯ ಮಕ್ಕಳು "ನಮ್ಮನ್ನು ಕೇಳಿ, ಬೇಸರವಿಲ್ಲ" ಎಂದು ತಮ್ಮ ಆಸ್ಪತ್ರೆಯಲ್ಲಿ ಬೋರ್ಡು ಹಾಕಿದರೆ ರೋಗಿಗೆ ಧೈರ್ಯ ಬರುತ್ತದೆ.

ಧರ್ಮಪುರಿ ಹಿಂದೆ ತಗಡೂರು. ಕ್ರಿ.ಶ. 893ರಲ್ಲಿ ನೊಳಂಬ ಮಹೇಂದ್ರನ ಕಾಲದಲ್ಲಿ ನಿಧಿಯಣ್ಣ, ಚಂಡಿಯಣ್ಣ ಎಂಬ ವರ್ತಕ ಮನೆತನದ ಸಹೋದರರು ಇಲ್ಲಿ ಬಸದಿ ಕಟ್ಟಿಸಿದರೆಂದು ಶಾಸನ ಹೇಳುತ್ತದೆ. ಚತುರ್ವಿಧ ದಾನದಲ್ಲಿ ಔಷಧದಾನವೂ ಒಂದು. ಹುಟ್ಟುಹಬ್ಬ, ಪುಣ್ಯತಿಥಿಗಳಲ್ಲಿ ಆಸ್ಪತ್ರೆಗೆ ಹಣ್ಣು ಹಂಚುವ ಬಂಧುಗಳು ಒಂದು ನಲ್ಲಿ, ಬೇಸಿನ್, ವರ್ಷಕ್ಕಾಗುವಷ್ಟು ಸೋಪು ಕೊಡಿಸಿದರೆ ಅದೂ ಔಷಧದಾನವೇ. ನೀರೂ ಸೋಪೂ ಹತ್ತಿರವಿದ್ದರೆ ನೆನಪಿಸುವ ಮಾತಿಗೂ ಬೆಲೆ ಬರುತ್ತದೆ.