ಎರಡು ಡಾಲರ್‌ಗಳ ದ್ವೀಪ

2024ರ ಜೂನ್ 24ರಂದು ಟಿ20 ವಿಶ್ವಕಪ್ಪಿನಲ್ಲಿ ರೋಹಿತ್ ಶರ್ಮಾ ಆಸ್ಟ್ರೇಲಿಯಾದ ವಿರುದ್ಧ 92 ರನ್ ಚಚ್ಚಿದ ಮೈದಾನ ಇರುವುದು ಕೆರಿಬಿಯನ್ ಸಮುದ್ರದ ಸೇಂಟ್ ಲೂಸಿಯಾ ದ್ವೀಪದಲ್ಲಿ. ಕ್ರಿಕೆಟ್ಟಿನ ನೆಪದಲ್ಲಿ, ಮಧುಚಂದ್ರದ ನೆಪದಲ್ಲಿ, ಅಮೆರಿಕದಿಂದ ಹೊರಡುವ ಕ್ರೂಸ್ ಹಡಗಿನ ನೆಪದಲ್ಲಿ ಕನ್ನಡಿಗರೂ ಈ ಕಡೆ ಹೋಗುತ್ತಿರುತ್ತಾರೆ. ಬೆಂಗಳೂರಿನಿಂದ ಹೊರಟವರಾಗಲಿ, ನ್ಯೂಜೆರ್ಸಿಯಿಂದ ಹೊರಟವರಾಗಲಿ, ದುಡ್ಡಿನ ವಿಷಯದಲ್ಲಿ ಇಬ್ಬರ ನಂಬಿಕೆಯೂ ಒಂದೇ: ಕಿಸೆಯಲ್ಲಿ ಅಮೆರಿಕನ್ ಡಾಲರ್ ಇದ್ದರೆ ಸಾಕು, ಎಲ್ಲರೂ ತಗೊಳ್ಳುತ್ತಾರೆ. ತಗೊಳ್ಳುವುದು ನಿಜ. ಆದರೆ ಆ ಸಲೀಸಿಗೆ ನಾವೂ ಸ್ವಲ್ಪ ತೆರುತ್ತೇವೆ, ನಮ್ಮಿಂದ ಟಿಪ್ಸ್ ಪಡೆಯುವವರೂ ಸ್ವಲ್ಪ ತೆರುತ್ತಾರೆ. ದಿನದ ಖರ್ಚಿಗೂ ಟಿಪ್ಸಿಗೂ ದ್ವೀಪದ ನೋಟನ್ನೇ ಬಳಸುವುದು ಇಬ್ಬರಿಗೂ ಲಾಭ ಎಂಬುದು ನನ್ನ ವಾದ.

ದ್ವೀಪದ ನೋಟು ಎಂದರೆ ಈಸ್ಟರ್ನ್ ಕೆರಿಬಿಯನ್ ಡಾಲರ್. ಅಲ್ಲಿನವರ ಬಾಯಲ್ಲಿ ಬರೀ 'ಈಸಿ'. ಸೇಂಟ್ ಲೂಸಿಯಾ, ಗ್ರೆನಡಾ, ಆಂಟಿಗುವಾ, ಡೊಮಿನಿಕಾ ಸೇರಿದಂತೆ ಎಂಟು ನಾಡುಗಳಿಗೆ ಇದೊಂದೇ ಹಣ. ಇದನ್ನು ಅಚ್ಚು ಹಾಕಿಸುವ ಕೇಂದ್ರ ಬ್ಯಾಂಕ್ ಇರುವುದು ಸೇಂಟ್ ಕಿಟ್ಸ್‌ನ ಬಾಸೆಟೇರ್ ಪಟ್ಟಣದಲ್ಲಿ. 1976ರ ಜುಲೈನಲ್ಲಿ ಒಂದು ಅಮೆರಿಕನ್ ಡಾಲರಿಗೆ 2.70 ಈಸಿ ಎಂದು ದರ ಕಟ್ಟಿದರು; ಇವತ್ತಿಗೂ ಅದೇ ದರ. ಅದೇ 1976ರಲ್ಲಿ ಡಾಲರಿಗೆ ಸುಮಾರು ಒಂಬತ್ತು ರೂಪಾಯಿ ಇತ್ತು; ಈಗ ಎಂಬತ್ತನ್ನೂ ದಾಟಿ ಹೋಗಿದೆ. ಅರ್ಧ ಶತಮಾನ ಅಲುಗಾಡದ ಈ ದರದ ಹಿಂದೆ ಜಾದೂ ಏನಿಲ್ಲ. ತಾನು ಹೊರಡಿಸಿದ ಹಣಕ್ಕೆ ಪ್ರತಿಯಾಗಿ ಕನಿಷ್ಠ ಶೇಕಡಾ 60ರಷ್ಟು ವಿದೇಶಿ ಮೀಸಲನ್ನು ಕೇಂದ್ರ ಬ್ಯಾಂಕ್ ಇಟ್ಟುಕೊಂಡಿರಲೇಬೇಕು ಎಂಬುದು ನಿಯಮ. ವಾಸ್ತವದಲ್ಲಿ ಅದಕ್ಕಿಂತ ಬಹಳ ಹೆಚ್ಚು ಇಟ್ಟುಕೊಳ್ಳುತ್ತದೆ.

ದರ ಇಷ್ಟು ಗಟ್ಟಿಯಾಗಿದ್ದರೆ ನೋಟು ಬದಲಾಯಿಸುವ ಉಸಾಬರಿ ಯಾಕೆ ಎಂದು ಕೇಳಬಹುದು. 2.70 ಎಂಬುದು ಕೇಂದ್ರ ಬ್ಯಾಂಕಿನ ಮಾತು. ಎಳನೀರು ಮಾರುವವನು ಆ ಮಾತು ಕೊಟ್ಟಿಲ್ಲ. ನಿಮ್ಮ ಡಾಲರನ್ನು ಅವನು ಆಮೇಲೆ ಬ್ಯಾಂಕಿಗೆ ಒಯ್ದು ಬದಲಾಯಿಸಬೇಕು, ಅಲ್ಲಿ ಅವನಿಗೆ ಪೂರ್ತಿ 2.70 ಸಿಗುವುದಿಲ್ಲ. ಹಾಗಾಗಿ ಅಂಗಡಿಯ ದರ 2.65, 2.60, ಕೆಲವು ಕಡೆ 2.50. ಚಿಲ್ಲರೆಯೂ ಈಸಿಯಲ್ಲೇ ಬರುತ್ತದೆ. 27 ಈಸಿಯ ಸಾಮಾನಿಗೆ 20 ಅಮೆರಿಕನ್ ಡಾಲರಿನ ನೋಟು ಕೊಟ್ಟರೆ ಅಧಿಕೃತ ದರದಲ್ಲಿ 27 ಈಸಿ ವಾಪಸು ಬರಬೇಕು, 2.50ರ ಲೆಕ್ಕ ಹಿಡಿದವನು 23 ಕೊಡುತ್ತಾನೆ. ಇದು ಮೋಸವಲ್ಲ, ಬ್ಯಾಂಕಿಗೆ ಹೋಗಿಬರುವ ಅವನ ಶ್ರಮದ ಬೆಲೆ. ಆದರೆ ದಿನಕ್ಕೆ ಹತ್ತು ಸಲ ಅದನ್ನು ತೆರುವ ಅಗತ್ಯ ನಮಗಿಲ್ಲ. ಇದಕ್ಕಿಂತ ದೊಡ್ಡ ಗೊಂದಲ ಬೆಲೆಪಟ್ಟಿಯದು. ಎರಡು ಹಣಕ್ಕೂ ಚಿಹ್ನೆ ಒಂದೇ. ಪಟ್ಟಿಯಲ್ಲಿ 100 ಎಂದು ಬರೆದದ್ದು ಈಸಿಯಾದರೆ 37 ಅಮೆರಿಕನ್ ಡಾಲರ್. ಅಮೆರಿಕದ್ದಾದರೆ 270 ಈಸಿ. ಕ್ರೂಸ್ ಹಡಗುಗಳು ನಿಲ್ಲುವ ಕಾಸ್ಟ್ರೀಸ್‌ನ ಬಂದರಿನ ಸುತ್ತ ಅಮೆರಿಕದ ಲೆಕ್ಕ, ಊರೊಳಗಿನ ಮಾರುಕಟ್ಟೆಯಲ್ಲಿ ಈಸಿ ಲೆಕ್ಕ ಎಂದು ಸ್ಥೂಲವಾಗಿ ಹೇಳಬಹುದಾದರೂ, ಕೊಳ್ಳುವ ಮುಂಚೆ ಯಾವ ಡಾಲರ್ ಎಂದು ಕೇಳಿಬಿಡುವುದೇ ವಾಸಿ. ಆ ಪ್ರಶ್ನೆಯನ್ನು ಅಲ್ಲಿ ಯಾರೂ ತಪ್ಪು ತಿಳಿಯುವುದಿಲ್ಲ.

ನನ್ನ ವಾದಕ್ಕೆ ಒಂದು ಮಿತಿ ಇದೆ. ದಕ್ಷಿಣದ ಹೆವನೊರಾ ವಿಮಾನ ನಿಲ್ದಾಣದಿಂದ ಉತ್ತರದ ಹೋಟೆಲುಗಳಿಗೆ ಹೋಗುವ ಟ್ಯಾಕ್ಸಿ, ದೋಣಿ ವಿಹಾರ, ಪಿಟಾನ್ ಶಿಖರದ ಚಾರಣ ಇವುಗಳ ದರವನ್ನೆಲ್ಲ ಸಾಮಾನ್ಯವಾಗಿ ಅಮೆರಿಕನ್ ಡಾಲರಿನಲ್ಲೇ ಹೇಳುತ್ತಾರೆ. ಹಾಗೆ ಹೇಳಿದ್ದಕ್ಕೆ ಅದನ್ನೇ ಕೊಡಬೇಕು, ಈಸಿಗೆ ಬದಲಾಯಿಸಿ ಕೊಡಲು ಹೋದರೆ ನಷ್ಟವೇ. ಭಾರತದಿಂದ ಹೋಗುವವರಿಗೆ ಹೇಗೂ ಬೇರೆ ದಾರಿಯಿಲ್ಲ; ರೂಪಾಯಿಯನ್ನು ಅಲ್ಲಿ ಕೇಳುವವರಿಲ್ಲ, ಈಸಿ ನೋಟು ನಮ್ಮ ವಿನಿಮಯ ಕೇಂದ್ರಗಳಲ್ಲಿ ಸಿಗುವಂಥದ್ದಲ್ಲ. ರಿಸರ್ವ್ ಬ್ಯಾಂಕಿನ ನಿಯಮದಂತೆ ಒಂದು ಪ್ರವಾಸಕ್ಕೆ 3,000 ಡಾಲರಿನವರೆಗೆ ನಗದು ಒಯ್ಯಬಹುದು, ಉಳಿದದ್ದು ಕಾರ್ಡಿನಲ್ಲಿ. ಅಷ್ಟು ನಗದು ಯಾರಿಗೂ ಬೇಕಾಗಲಾರದು. ದ್ವೀಪದ ಬ್ಯಾಂಕಿನ ಎಟಿಎಂನಲ್ಲಿ ಒಂದೇ ಸಲ ಸ್ವಲ್ಪ ದೊಡ್ಡ ಮೊತ್ತದ ಈಸಿ ತೆಗೆದುಕೊಂಡರೆ ಶುಲ್ಕವೂ ಒಂದೇ ಸಲ ಬೀಳುತ್ತದೆ. ಕಾರ್ಡ್ ಉಜ್ಜುವಾಗ ಯಂತ್ರವು ರೂಪಾಯಿಯಲ್ಲೋ ಅಮೆರಿಕನ್ ಡಾಲರಿನಲ್ಲೋ ಪಾವತಿಸುತ್ತೀರಾ ಎಂದು ಕೇಳಿದರೆ ಬೇಡ ಎನ್ನಿ, ಈಸಿಯನ್ನೇ ಆರಿಸಿ. ಆ ಉಪಚಾರದ ದರದಲ್ಲಿ ನಡುವಿನವರ ಪಾಲು ಸೇರಿರುತ್ತದೆ.

ಇನ್ನು ಟಿಪ್ಸ್. ನಮ್ಮವರು ಅತ್ತ ಅತಿ, ಇತ್ತ ಕೊರತೆ ಮಾಡುವುದು ಇಲ್ಲಿಯೇ. ಅಮೆರಿಕದಲ್ಲಿ ನೆಲೆಸಿದವರಿಗೆ ಶೇಕಡಾ 20 ಕೈಗೆ ರೂಢಿಯಾಗಿರುತ್ತದೆ. ಆ ರೂಢಿಗೆ ಅಲ್ಲಿನ ಕಾನೂನೇ ಕಾರಣ: ಟಿಪ್ಸ್ ಪಡೆಯುವ ನೌಕರನಿಗೆ ಮಾಲೀಕ ಗಂಟೆಗೆ 2.13 ಡಾಲರ್ ಕೊಟ್ಟರೆ ಸಾಕು ಎಂಬ ಒಕ್ಕೂಟದ ನಿಯಮ 1991ರಿಂದ ಬದಲಾಗಿಲ್ಲ, ಉಳಿದದ್ದನ್ನು ಗಿರಾಕಿ ತುಂಬಿಕೊಡಬೇಕು. ಸೇಂಟ್ ಲೂಸಿಯಾದ ವ್ಯವಸ್ಥೆ ಬೇರೆ. ಅಲ್ಲಿನ ರೆಸ್ಟೋರೆಂಟ್ ಬಿಲ್ಲಿನಲ್ಲಿ ಸಾಮಾನ್ಯವಾಗಿ ಶೇಕಡಾ 10ರ ಸೇವಾ ಶುಲ್ಕ ಮೊದಲೇ ಸೇರಿರುತ್ತದೆ. ಅದನ್ನು ಗಮನಿಸದೆ ಮೇಲೆ ಇಪ್ಪತ್ತು ಇಟ್ಟರೆ ಒಟ್ಟು ಮೂವತ್ತಾಯಿತು. ಶುಲ್ಕ ಸೇರಿದ್ದರೆ ತೃಪ್ತಿಯಾದಷ್ಟು ಚಿಲ್ಲರೆ ಬಿಟ್ಟುಬಂದರೆ ಸಾಕು. ಸೇರಿಲ್ಲದಿದ್ದರೆ ಹತ್ತರಿಂದ ಹದಿನೈದು ಮರ್ಯಾದೆಯ ಅಳತೆ. ಎಲ್ಲ ಒಳಗೊಂಡ ರೆಸಾರ್ಟುಗಳದ್ದು ಮತ್ತೊಂದು ಲೆಕ್ಕ. ಸ್ಯಾಂಡಲ್ಸ್‌ನಂಥ ಕಡೆ ಬಟ್ಲರ್ ಮೊದಲಾದ ಕೆಲವರನ್ನು ಬಿಟ್ಟರೆ ಟಿಪ್ಸ್ ಪಡೆಯಬಾರದೆಂದೇ ನಿಯಮ. ಬಲವಂತವಾಗಿ ಕೊಟ್ಟರೆ ಪೇಚಿಗೆ ಸಿಕ್ಕಿಕೊಳ್ಳುವವರು ಅವರು.

ಬೆಂಗಳೂರಿನಿಂದ ಹೋದವರ ಆಕ್ಷೇಪ ಇದಕ್ಕೆ ತಿರುಗುಮುರುಗು. ಸೇವಾ ಶುಲ್ಕವನ್ನು ಬಲವಂತವಾಗಿ ಬಿಲ್ಲಿಗೆ ಸೇರಿಸುವಂತಿಲ್ಲ ಎಂದು ದೆಹಲಿ ಹೈಕೋರ್ಟ್ 2025ರ ಮಾರ್ಚಿನಲ್ಲಿ ಹೇಳಿದೆಯಲ್ಲ, ಅಲ್ಲಿಯೂ ತೆಗೆಸಬಾರದೇಕೆ? ನಮ್ಮ ಕೋರ್ಟಿನ ಮಾತು ನಮ್ಮ ಗಡಿಯೊಳಗಿನದು. ಅಲ್ಲಿ ಮೆನುವಿನಲ್ಲೇ ನಮೂದಾದ ಶುಲ್ಕ ಆ ಊಟದ ಬೆಲೆಯ ಭಾಗ. ಇನ್ನೊಂದು ಆಕ್ಷೇಪ ಹೆಚ್ಚು ತೂಕದ್ದು: ಟಿಪ್ಸ್ ಕೊಟ್ಟಷ್ಟೂ ಮಾಲೀಕ ಸಂಬಳ ಏರಿಸದೆ ಕೂರುತ್ತಾನೆ. ಕೆಲಸ ಹುಡುಕುವ ಕೈಗಳು ಮಿಕ್ಕಿರುವಷ್ಟು ಕಾಲ ಕೂಲಿ ಮೇಲೇಳುವುದಿಲ್ಲ ಎಂದು 1954ರಲ್ಲೇ ವಾದಿಸಿದ ಅರ್ಥಶಾಸ್ತ್ರಜ್ಞ ಆರ್ಥರ್ ಲೂಯಿಸ್ ಇದೇ ದ್ವೀಪದ ಮಗ. 1979ರಲ್ಲಿ ನೊಬೆಲ್ ಪಡೆದ ಅವರ ಚಿತ್ರ 100 ಈಸಿಯ ನೋಟಿನ ಮೇಲಿದೆ. ಅವರ ವಾದವನ್ನು ಒಪ್ಪಿದರೆ, ಕೂಲಿಯನ್ನು ಕೆಳಗೆ ಹಿಡಿದಿರುವುದು ಪ್ರವಾಸಿಯ ಔದಾರ್ಯಕ್ಕಿಂತ ಬೇರೆ ಉದ್ಯೋಗಗಳ ಅಭಾವ. ವಾರವಿದ್ದು ಹೋಗುವ ನಾವು ಕೈ ಬಿಗಿಹಿಡಿದರೆ ಸಂಬಳ ಏರದು. 2024ರ ಅಕ್ಟೋಬರಿನಲ್ಲಿ ಸರ್ಕಾರವೇ ಕನಿಷ್ಠ ಕೂಲಿಯನ್ನು ಗಂಟೆಗೆ ಸುಮಾರು ಆರೂವರೆ ಈಸಿ ಎಂದು ನಿಗದಿ ಮಾಡಿತು. ಆ ಲೆಕ್ಕದಲ್ಲಿ ಐದು ಈಸಿಯ ಒಂದು ನೋಟು ಮುಕ್ಕಾಲು ಗಂಟೆಯ ದುಡಿಮೆ.

ಟಿಪ್ಸನ್ನಾದರೂ ಅಮೆರಿಕನ್ ಡಾಲರಿನಲ್ಲಿ ಕೊಟ್ಟರೆ ಅವರಿಗೇ ಒಳ್ಳೆಯದಲ್ಲವೇ? ಸ್ಥಳೀಯ ಹಣ ತಿಂಗಳು ತಿಂಗಳಿಗೆ ಕುಸಿಯುತ್ತಿದ್ದ ವೆನೆಜುವೆಲಾದಂಥ ದೇಶದಲ್ಲಿ ಖಂಡಿತ ಒಳ್ಳೆಯದು. ಅಲ್ಲಿ ಡಾಲರ್ ಎಂದರೆ ಉಳಿತಾಯ. 1976ರಿಂದ ಕದಲದ ಈಸಿಯ ಎದುರು ಡಾಲರಿಗೆ ಆ ಹೆಚ್ಚುಗಾರಿಕೆ ಇಲ್ಲ. ಪಡೆದವರು ಅದನ್ನು ಬದಲಾಯಿಸಲು ಹೋಗಬೇಕು, ಬದಲಾಯಿಸುವಾಗ ಒಂದಿಷ್ಟು ಕಳೆದುಕೊಳ್ಳಬೇಕು. ಅಮೆರಿಕದ ನಾಣ್ಯಗಳನ್ನಂತೂ ಕೊಡಲೇಬಾರದು. ಬ್ಯಾಂಕುಗಳು ವಿದೇಶಿ ನಾಣ್ಯಗಳನ್ನು ಬದಲಾಯಿಸಿಕೊಡುವುದಿಲ್ಲ. ಐದು, ಹತ್ತರ ಈಸಿ ನೋಟುಗಳಾದರೆ ಸಂಜೆ ಮಿನಿಬಸ್ಸು ಹತ್ತಿ ಮನೆಗೆ ಹೋಗುವಾಗಲೇ ಚಲಾವಣೆಯಾಗುತ್ತವೆ. ಇವು ಮೊದಲು ಸೇರಬೇಕಾದ್ದು ಬಿಲ್ಲು ಕಾಣದ ಕೈಗಳಿಗೆ: ಕೋಣೆ ಗುಡಿಸಿ ಹಾಸಿಗೆ ಸರಿಪಡಿಸುವವರು, ಬ್ಯಾಗು ಹೊರುವವರು, ದೋಣಿಯಲ್ಲಿ ಕೈಹಿಡಿದು ಹತ್ತಿಸುವ ಹುಡುಗರು. ಕೋಣೆಯ ಟಿಪ್ಸನ್ನು ಕೊನೆಯ ದಿನಕ್ಕೆ ಒಟ್ಟು ಮಾಡಿ ಇಡದೆ ದಿನದಿನಕ್ಕೆ ಇಟ್ಟರೆ ಮೇಲು, ಏಕೆಂದರೆ ಸೋಮವಾರ ಗುಡಿಸಿದವರೇ ಶುಕ್ರವಾರವೂ ಪಾಳಿಯಲ್ಲಿರುತ್ತಾರೆಂಬ ಖಾತರಿಯಿಲ್ಲ. ಹೊರಡುವಾಗ ಉಳಿದ ಈಸಿ ಗ್ರೆನಡಾದಲ್ಲೋ ಆಂಟಿಗುವಾದಲ್ಲೋ ನಡೆಯುತ್ತದೆ. ಪಕ್ಕದ ಮಾರ್ಟಿನೀಕ್‌ನಲ್ಲಿ ಯೂರೋ, ಬಾರ್ಬಡೋಸ್‌ನಲ್ಲಿ ಅವರದೇ ಬೇರೆ ಡಾಲರ್. ಬೆಂಗಳೂರಿಗೆ ತಂದರೆ ಅದನ್ನು ಬದಲಾಯಿಸಿಕೊಡುವವರು ಸಿಗುವುದು ಕಷ್ಟ, ಆದ್ದರಿಂದ ಕೊನೆಯ ದಿನದ ಊಟದ ಬಿಲ್ಲನ್ನು ನಗದಿನಲ್ಲೇ ಕಟ್ಟಿ.