ಗಾಯದ ಶುಶ್ರೂಷೆ

ವಿಟ್ಲ ಸೀಮೆಯ ಮನೆಗಳಲ್ಲಿ ಗಾಯವು ಅಪರೂಪದ ಸಂಗತಿಯಲ್ಲ. ತೋಟದಲ್ಲಿ ಸೊಪ್ಪು ಕಡಿಯುವಾಗ ಕತ್ತಿ ತಾಗುವುದು, ಅಡಿಕೆ ಸುಲಿಯುವಾಗ ಬೆರಳು ಸೀಳುವುದು, ಮಳೆಗಾಲದ ಕೆಸರಿನಲ್ಲಿ ಬರಿಗಾಲಿಗೆ ಮುಳ್ಳು ನಾಟುವುದು ಎಲ್ಲರೂ ಬಲ್ಲ ಮಾತು. ಇಂತಹ ಗಾಯಕ್ಕೆ ಮೊದಲು ಕೈಯಿಡುವವಳು ಬಹುಮಟ್ಟಿಗೆ ಮನೆಯ ತಾಯಿ ಅಥವಾ ಮಗಳು. ಆದಕಾರಣ ಈ ವಿಷಯವನ್ನು ಹಳೆ ವಿದ್ಯಾರ್ಥಿನಿಯರೂ ಪಾಲಕರೂ ಚೆನ್ನಾಗಿ ತಿಳಿದಿರುವುದು ಯುಕ್ತ.

ಚರ್ಮವು ದೇಹಕ್ಕೆ ಕೋಟೆಯಂತಿದೆ. ಅದು ಒಡೆದಲ್ಲಿ, ಮಣ್ಣಿನಲ್ಲಿಯೂ ನಮ್ಮದೇ ಮೂಗು ಮೈಗಳಲ್ಲಿಯೂ ಇರುವ ಸೂಕ್ಷ್ಮಜಂತುಗಳು ಒಳಹೊಕ್ಕು ಬೆಳೆದು ಕೀವನ್ನುಂಟುಮಾಡುತ್ತವೆ. 1865 ರಲ್ಲಿ ಗ್ಲಾಸ್ಗೋ ನಗರದ ಶಸ್ತ್ರವೈದ್ಯ ಜೋಸೆಫ್ ಲಿಸ್ಟರನು, ಬಂಡಿಯ ಚಕ್ರಕ್ಕೆ ಸಿಕ್ಕಿ ಕಾಲು ಮುರಿದ 11 ವರ್ಷದ ಬಾಲಕನ ಗಾಯಕ್ಕೆ ಕಾರ್ಬಾಲಿಕ್ ಆಮ್ಲದಲ್ಲಿ ಅದ್ದಿದ ಬಟ್ಟೆಯನ್ನು ಕಟ್ಟಿದನು. ಗಾಯವು ಕೊಳೆಯದೆ ಎಲುಬು ಕೂಡಿತು. ಜಂತುನಾಶಕ ಚಿಕಿತ್ಸೆಗೆ ಇದೇ ನಾಂದಿ.

ಆದರೆ ಜಂತುವನ್ನು ಕೊಲ್ಲುವ ತೀಕ್ಷ್ಣ ಔಷಧವು ಹೊಸದಾಗಿ ಕೂಡಿಬರುವ ಮಾಂಸವನ್ನೂ ಸುಡಬಲ್ಲುದು. ಸ್ಪಿರಿಟನ್ನು ತೆರೆದ ಗಾಯಕ್ಕೆ ಸುರಿಯಬಾರದೆಂಬುದು ಇದಕ್ಕಾಗಿಯೇ. ಮೊದಲ ಔಷಧವು ನೀರು. ಕುಡಿಯಲು ಯೋಗ್ಯವಾದ ಶುದ್ಧ ನೀರನ್ನು ಐದಾರು ನಿಮಿಷ ಧಾರೆಯಾಗಿ ಹೊಯ್ದು ಮಣ್ಣು ಕಸಗಳನ್ನು ತೊಳೆಯಬೇಕು. ಸುತ್ತಲಿನ ಚರ್ಮಕ್ಕೆ ಸಾಬೂನು ಹಚ್ಚಬಹುದು. ಬಳಿಕ ಶುದ್ಧವಾದ ಗಾಜ್ ಬಟ್ಟೆಯಿಂದ ಮುಚ್ಚಬೇಕು. ಗಾಳಿಗೆ ಒಣಗಿದರೆ ಬೇಗ ಮಾಯುವುದೆಂಬುದು ಹಳೆಯ ನಂಬಿಕೆ. ಮುಚ್ಚಿ ಅಲ್ಪ ತೇವದಲ್ಲಿಟ್ಟ ಗಾಯವೇ ಬೇಗ ಚರ್ಮ ಕಟ್ಟುವುದೆಂದು 1962 ರಲ್ಲಿ ಜಾರ್ಜ್ ವಿಂಟರ್ ಎಂಬವರು ತೋರಿಸಿಕೊಟ್ಟರು.

ಅರಸಿನದಲ್ಲಿ ಜಂತುಗಳನ್ನು ತಡೆಯುವ ಗುಣವಿರುವುದು ನಿಜ. ಆದರೂ ಅಡಿಗೆಮನೆಯ ಪುಡಿ ಶುದ್ಧೀಕರಿಸಿದ್ದಲ್ಲ. ಆಳವಾದ ಗಾಯಕ್ಕೆ ಅದನ್ನಾಗಲಿ, ಕಾಫಿಪುಡಿ, ಬೂದಿಗಳನ್ನಾಗಲಿ ತುಂಬಕೂಡದು. ಸೆಗಣಿಯಲ್ಲಿಯೂ ಮಣ್ಣಿನಲ್ಲಿಯೂ ಧನುರ್ವಾತದ ಬೀಜವಿರುತ್ತದೆ. ಜೇನೂ ಔಷಧವೇ, ಆದರೆ ಆಸ್ಪತ್ರೆಗಳಲ್ಲಿ ಬಳಸುವ ಜೇನು ಕಿರಣಗಳಿಂದ ಶುದ್ಧಿಗೊಳಿಸಿದ್ದು. ಅಯೊಡಿನ್, ಬೆಳ್ಳಿ, ಜೇನುಗಳುಳ್ಳ ಪಟ್ಟಿಗಳು ಸೋಂಕು ತಗಲಿದ ಗಾಯಕ್ಕೆ, ವೈದ್ಯರು ಹೇಳಿದಷ್ಟು ದಿನ ಮಾತ್ರ ತಕ್ಕವು. ಪ್ರತಿಜೈವಿಕ ಮುಲಾಮು ಮಾತ್ರೆಗಳ ವಿಷಯದಲ್ಲಿ ಇನ್ನೂ ಹೆಚ್ಚಿನ ಎಚ್ಚರ ಬೇಕು. ಪೆನಿಸಿಲಿನ್ನನ್ನು 1928 ರಲ್ಲಿ ಕಂಡುಹಿಡಿದ ಅಲೆಕ್ಸಾಂಡರ್ ಫ್ಲೆಮಿಂಗರೇ, ಸಾಲದಷ್ಟು ಔಷಧವನ್ನು ಸೇವಿಸಿದರೆ ಜಂತುಗಳು ಅದನ್ನು ಎದುರಿಸಲು ಕಲಿಯುವವೆಂದು 1945 ರಲ್ಲಿ ಎಚ್ಚರಿಸಿದ್ದರು.

ನಮ್ಮ ಕರಾವಳಿಗೆ ವಿಶೇಷವಾದ ಇನ್ನೊಂದು ಅಪಾಯವಿದೆ. ಅದು ಮೆಲಿಯಾಯ್ಡೋಸಿಸ್ ಎಂಬ ರೋಗ. ರಂಗೂನಿನಲ್ಲಿ ವ್ಹಿಟ್ಮೋರ್ ಮತ್ತು ಕೃಷ್ಣಸ್ವಾಮಿ ಎಂಬ ವೈದ್ಯರು ಇದನ್ನು ಗುರುತಿಸಿ 1912 ರಲ್ಲಿ ಪ್ರಕಟಿಸಿದರು. ಉಡುಪಿ, ದಕ್ಷಿಣ ಕನ್ನಡ ಜಿಲ್ಲೆಗಳಲ್ಲಿಯೂ ಮಳೆಗಾಲದಲ್ಲಿ ಇದು ಕಾಣುತ್ತದೆ. ಮಣಿಪಾಲದ ವೈದ್ಯರು ಇಂತಹ ಅನೇಕ ರೋಗಿಗಳನ್ನು ಕಂಡಿದ್ದಾರೆ. ಇದರ ಜಂತು ಕೆಸರು ಮಣ್ಣಿನಲ್ಲಿದ್ದು ಸಣ್ಣ ಗಾಯದ ಮೂಲಕವೂ ಒಳಸೇರಬಲ್ಲುದು. ಸಿಹಿಮೂತ್ರವುಳ್ಳವರಿಗೆ ಭಯ ಹೆಚ್ಚು. ಸಾಮಾನ್ಯ ಔಷಧಗಳಲ್ಲಿ ಹಲವು ಇದಕ್ಕೆ ನಾಟವು. ಮೊದಲು ಕನಿಷ್ಠ 10 ದಿನ ಚುಚ್ಚುಮದ್ದು, ಅನಂತರ ಮೂರು ತಿಂಗಳಾದರೂ ಮಾತ್ರೆ ಬೇಕಾಗುತ್ತದೆ. ತಡಮಾಡಿದರೆ ಪ್ರಾಣಕ್ಕೇ ಕೇಡು.

ಆದಕಾರಣ ಗಾಯದ ಸುತ್ತ ಕೆಂಪು ಹರಡಿದರೆ, ಬಾವು, ನೋವು, ದುರ್ವಾಸನೆ, ಕೀವು ಹೆಚ್ಚಿದರೆ, ಜ್ವರ ಬಂದರೆ ಅಥವಾ ಕೆಂಪು ಗೆರೆ ಮೇಲಕ್ಕೇರಿದರೆ, ಮನೆಮದ್ದನ್ನು ನಿಲ್ಲಿಸಿ ವಿಟ್ಲದ ಸಮುದಾಯ ಆರೋಗ್ಯ ಕೇಂದ್ರಕ್ಕಾಗಲಿ ಸಮೀಪದ ವೈದ್ಯರಲ್ಲಿಗಾಗಲಿ ಅಂದೇ ಹೋಗತಕ್ಕದ್ದು. ಆಳವಾದ ಗಾಯವಾದರೆ ಧನುರ್ವಾತದ ಚುಚ್ಚುಮದ್ದಿನ ವಿಚಾರವನ್ನು ಮರೆಯದೆ ಕೇಳಬೇಕು. ಸಿಹಿಮೂತ್ರವುಳ್ಳ ಹಿರಿಯರ ಪಾದಗಳಿಗೆ ನೋವು ತಿಳಿಯದಿರಬಹುದು. ಅವರ ಅಂಗಾಲನ್ನು ಪ್ರತಿ ಸಂಜೆ ದೀಪದ ಬೆಳಕಿನಲ್ಲಿ ನೋಡುವುದು ಮನೆಯ ಮಕ್ಕಳಿಗೆ ಒಪ್ಪುವ ಕೆಲಸ. ಎರಡು ನಿಮಿಷದ ಈ ಆರೈಕೆಯು ಎಷ್ಟೋ ವೇಳೆ ಒಂದು ಕಾಲನ್ನೇ ಉಳಿಸಬಲ್ಲುದು.